ಹಳೆಯ ಅಳತೆಗೆ ಹೊಲಿದ ಸೂಟಿ

ಅವತ್ತು ಭಾನುವಾರ. ಟಿಳಕವಾಡಿಯ ನಮ್ಮ ಟೇಲರಿಂಗ್ ಅಂಗಡಿಯಲ್ಲಿ ನನ್ನ ಹೆಂಡತಿ ಸುರೇಖಾ ಮತ್ತು ಮಗಳು ಅಕ್ಷತಾ ಜಗಳಾಡುತ್ತಿದ್ದರು.

ಇದರಲ್ಲಿ ವಿಶೇಷವೇನೂ ಇಲ್ಲ. ತಾಯಿ ಮಗಳು ದಿನಕ್ಕೆ ಒಂದು ಜಗಳವನ್ನಾದರೂ ಆಡಿಯೇ ಮಲಗುತ್ತಿದ್ದರು. ಅವತ್ತು ಮಾತ್ರ ಜಗಳವೂ ಅಳತೆಯೂ ಒಟ್ಟಿಗೇ ನಡೆದಿತ್ತು. ಸುರೇಖಾಳ ಕೈಯಲ್ಲಿ ಟೇಪು. ಮಗಳು ಗೋಡೆಗೆ ಬೆನ್ನು ಕೊಟ್ಟು, ಕೈ ಕಟ್ಟಿಕೊಂಡು ನಿಂತಿದ್ದಳು.

"ಕೈ ಎತ್ತು."

"ಎತ್ತಂಗಿಲ್ಲ. ಮೊದ್ಲ ಹೇಳು, ಈ ಸೂಟ್ಯಾಗ ಆ ದೊಡ್ಡ ಆಟದ ಪಾರ್ಕಿಗೆ ಹೋಗೂಣೋ, ಇಲ್ಲೋ?"

"ಕೈ ಎತ್ತತಿಯೋ, ಇಲ್ಲಾ ತೋಳ ಇಲ್ದಂಗ ಹೊಲೀಲೋ?"

"ಹೊಲಿ. ಹಂಗ ಸಾಲಿಗೆ ಹೋಗ್ತೀನಿ. ಯಾರ ಹೊಲದಾರ ಅಂತ ಟೀಚರ್ ಕೇಳಿದ್ರ ನಿನ್ನ ಹೆಸರ ಹೇಳ್ತೀನಿ."

ಕಟಿಂಗ್ ಟೇಬಲ್ಲಿನ ಆಚೆ ನಾನು ಅಳತೆ ಪುಸ್ತಕ ತೆರೆದು ಪೆನ್ನು ಹಿಡಿದು ಕಾಯುತ್ತಿದ್ದೆ. ಹೆಣ್ಣುಮಕ್ಕಳ ಅಳತೆ ತೆಗೆದು ಅಂಕಿ ಕೂಗುವುದು ಸುರೇಖಾಳ ಕೆಲಸ. ಬರೆದುಕೊಂಡು ಬಟ್ಟೆ ಕತ್ತರಿಸುವುದು ನನ್ನದು. ಅಂಗಡಿ ಇಟ್ಟಾಗಿನಿಂದಲೂ ಹೀಗೆಯೇ. ಸ್ವಂತ ಮಗಳಾದರೂ ಅಕ್ಷತಾಳಿಗೆ ಒಂಬತ್ತು ತುಂಬಿದ ಮೇಲೆ ನಾನು ಟೇಪು ಹಿಡಿದಿಲ್ಲ.

ನಮ್ಮ ಬೆಳಗಾವಿ ಕಡೆ ರಜೆಗೆ ಸೂಟಿ ಎನ್ನುತ್ತೇವೆ. ಎಲ್ಲ ಮಕ್ಕಳಿಗೂ ಸೂಟಿ ಎಂದರೆ ಊರು, ಆಟ, ಮಾವಿನಹಣ್ಣು. ಶಾಲೆಯ ಯೂನಿಫಾರ್ಮ್ ಹೊಲಿಯುವವನ ಮಗಳಿಗೆ ಮಾತ್ರ ಸೂಟಿ ಎಂದರೆ ಅಪ್ಪ ಅಮ್ಮನ ಸೀಜನ್. ಏಪ್ರಿಲ್ ಮೇ ಎರಡು ತಿಂಗಳು ನಮಗೆ ತಲೆ ಎತ್ತಲು ಪುರಸೊತ್ತಿಲ್ಲ.

"ಸೀಜನ್ ಮುಗೀಲಿ, ಹೋಗೂಣು," ಎಂದಳು ಸುರೇಖಾ.

"ನಿಮ್ಮ ಸೀಜನ್ ಮುಗಿಯೂದ್ರಾಗ ನಮ್ಮ ಸೂಟಿ ಮುಗೀತೈತಿ! ನಮ್ಮ ಕ್ಲಾಸಿನ ಅರ್ಧಾ ಮಂದಿ ಹೋಗಿ ಬಂದಾರ. ನಾ ಒಬ್ಬಾಕಿನ ಇಲ್ಲೆ ಗುಂಡಿ ಹಚ್ಕೋತ ಕುಂತೀನಿ."

"ಬರೂ ವರ್ಷ ಖರೇ."

"ಹ್ವಾದ ವರ್ಷಾನೂ ಇದನ್ನ ಅಂದಿದ್ದಿ!"

ಕೊನೆಗೆ ಕೈ ಎತ್ತಿದಳು. ಸುರೇಖಾ ಅಂಕಿ ಕೂಗಿದಳು, ನಾನು ಬರೆದುಕೊಂಡೆ. ಸಂಜೆ ಶಟರ್ ಎಳೆದು ಮೂವರೂ ಒಂದೇ ಸ್ಕೂಟರಿನಲ್ಲಿ ಖಾಸಬಾಗದ ಮನೆಗೆ ಹೋದೆವು. ದಾರಿಯುದ್ದಕ್ಕೂ ಅದೇ ಜಗಳ. ಒಬ್ಬಳ ಮಾತು ನನ್ನ ಎಡಗಿವಿಗೆ, ಒಬ್ಬಳ ಮಾತು ಬಲಗಿವಿಗೆ.

ಮರುದಿನ ಬೆಳಿಗ್ಗೆ ಚಹಾಕ್ಕೆ ಇಟ್ಟ ಸುರೇಖಾ ತಲೆ ಸಿಡಿಯುತ್ತಿದೆ ಎಂದು ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಅವಳಿರಲಿಲ್ಲ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು ಎಂದರು ಡಾಕ್ಟರು.

ಕಳೆದ ಏಪ್ರಿಲ್‌ನಿಂದ ಈ ಅಂಕಣದಲ್ಲಿ ರಸ್ತೆಯ ಗುಂಡಿ ಬಗ್ಗೆ ಬರೆದೆ, ತರಕಾರಿ ಬಗ್ಗೆ ಬರೆದೆ, ಬಸ್ಸಿನಲ್ಲಿ ಸೀಟಿಗೆ ಕರವಸ್ತ್ರ ಹಾಕುವವರ ಬಗ್ಗೆಯೂ ಬರೆದೆ. ಇದನ್ನು ಬರೆಯಲಿಲ್ಲ. ಇವತ್ತು ಬರೆಯಲು ಕುಳಿತಿರುವುದೂ ಇದರ ಬಗ್ಗೆ ಅಲ್ಲ, ಪಾರ್ಕಿನ ಬಗ್ಗೆ. (ಹಾಗೆಂದುಕೊಂಡೇ ಶುರು ಮಾಡಿದ್ದೇನೆ.)

ಆಮೇಲೆ ಏನಾಯಿತು ಗೊತ್ತೇ? ನನ್ನ ಮಗಳು ಒಳ್ಳೆಯವಳಾಗಿಬಿಟ್ಟಳು.

ಹಠವಿಲ್ಲ. ಎದುರುತ್ತರವಿಲ್ಲ. ಉಪ್ಪಿಟ್ಟು ಮಾಡಿದರೆ ಉಪ್ಪಿಟ್ಟು, ಹೊತ್ತಿಸಿದರೆ ಹೊತ್ತಿದ ಉಪ್ಪಿಟ್ಟು. ಏನು ಕೇಳಿದರೂ ಒಂದೇ ಉತ್ತರ: "ನಡೀತೈತಿ ಪಪ್ಪಾ." ಶಾಲೆಯ ಟ್ರಿಪ್ಪಿಗೆ ಹೋಗುತ್ತೀಯಾ? ನಡೀತೈತಿ. ಹೋಗುವುದು ಬೇಡವಾ? ನಡೀತೈತಿ.

ಓಣಿಯವರೆಲ್ಲ ಹೊಗಳಿದರು. "ಎಷ್ಟ ಶಾಣ್ಯಾ ಆಗ್ಯಾಳ ನೋಡ್ರಿ ಹುಡುಗಿ! ಅವ್ವ ಇಲ್ಲದ್ದು ತಿಳಕೊಂಡಾಳ."

ಹದಿನಾಲ್ಕು ವರ್ಷದ ಹುಡುಗಿ ಏನನ್ನೂ ಕೇಳದೇ ಇರುವುದು ಶಾಣ್ಯಾತನವೇ? ಜ್ವರ ಬಂದ ಮಗುವೂ ಸುಮ್ಮನೆ ಮಲಗಿರುತ್ತದೆ. ಅದನ್ನು ನೋಡಿ ಯಾರಾದರೂ ಎಷ್ಟು ಒಳ್ಳೆಯ ಮಗು ಎನ್ನುತ್ತಾರೆಯೇ?

ಈ ಸಲ ಸೂಟಿ ಶುರುವಾದ ವಾರವೇ ಹೇಳಿಬಿಟ್ಟೆ: "ಅಕ್ಕು, ಪಾರ್ಕಿಗೆ ಹೋಗೂಣು. ಸೀಜನ್ನಿನ್ಯಾಗ. ಅಂಗಡಿ ಒಂದಿನ ಬಂದ್."

"ನಡೀತೈತಿ ಪಪ್ಪಾ."

ಜಿಗಿಯುತ್ತಾಳೆ ಎಂದುಕೊಂಡಿದ್ದೆ. ಸೂಟಿಯ ಹೋಂವರ್ಕಿಗೆ ತಲೆ ಬಗ್ಗಿಸಿದಳು.

ಸರಿ, ಪ್ಲಾನಿನಲ್ಲಾದರೂ ಜಿಗಿಸೋಣ ಎಂದುಕೊಂಡೆ. ಆದರೆ ಹದಿನಾಲ್ಕರ ಹುಡುಗಿಗೆ ಏನು ಇಷ್ಟ? ನಾಲ್ಕರವರಿಗೆ ಬಲೂನು, ನಲವತ್ತರವರಿಗೆ ನೆರಳು ಎಂದು ಕಣ್ಣುಮುಚ್ಚಿ ಹೇಳಬಹುದು. ಹದಿನಾಲ್ಕು? ಯೂನಿಫಾರ್ಮ್ ಬಟ್ಟೆ ಕೊಡಲು ಬಂದ ತಾಯಂದಿರನ್ನೇ ಕೇಳಿದೆ.

"ಮೊದ್ಲ ನೀರಾಗ ಇಳಸಬ್ಯಾಡ್ರಿ," ಎಂದರು ಒಬ್ಬರು. "ತೊಯ್ದ ಅರಿವ್ಯಾಗ ದಿನಾ ಪೂರ್ತಿ ನಡಗ್ತಾರ. ನೀರು ಕಡೀಕ."

"ಅವರ ಬಾಜು ನಡೀಬ್ಯಾಡ್ರಿ," ಎಂದರು ಇನ್ನೊಬ್ಬರು. "ಹತ್ತು ಹೆಜ್ಜಿ ಹಿಂದ ಇರ್ರಿ. ನೀವು ಅಕಿ ಪಪ್ಪಾ ಅಂತ ಅಲ್ಲಿ ಯಾರಿಗೂ ಗೊತ್ತಾಗಬಾರ್ದು."

(ಎರಡನೆಯ ಸಲಹೆ ಲಕ್ಷ ಬಾಳುತ್ತದೆ. ಬರೆದಿಟ್ಟುಕೊಳ್ಳಿ.)

ಅಂಗಿಯ ಕಟಿಂಗಿಗೆ ಬಳಸುವ ಖಾಕಿ ಕಾಗದ ಹಾಸಿಕೊಂಡು ಕುಳಿತೆ. ಮಹಾರಾಷ್ಟ್ರದ ಕಡೆಗೆ ನಾಲ್ಕೈದು ತಾಸಿನ ಹಾದಿಯ ಒಂದು ಪಾರ್ಕು. (ಹೆಸರು ಬೇಡ, ಜಾಹೀರಾತಾಗುತ್ತದೆ.) ಮೊಬೈಲಿನಲ್ಲಿ ಅವರ ಆಟಗಳ ಪಟ್ಟಿ ತೆಗೆದೆ. ಬಟ್ಟೆಯ ಮೇಲೆ ತೋಳು, ಕಾಲರು, ಜೇಬು ಹೊಂದಿಸಿದಂತೆ ಒಂದು ಚೂರೂ ವ್ಯರ್ಥವಾಗದಂತೆ ಇಡೀ ದಿನ ಹೊಂದಿಸಿದೆ. ಹತ್ತಕ್ಕೆ ಪುಟ್ಟ ರೈಲು. ಹತ್ತೂಮುಕ್ಕಾಲಿಗೆ ತಿರುಗುವ ಬಟ್ಟಲು. ಆಮೇಲೆ ದೋಣಿ.

ದೊಡ್ಡ ಆಟಗಳು ಎಂಟಿದ್ದವು. ಆಕಾಶಕ್ಕೆ ಹೋಗಿ ಧೊಪ್ಪನೆ ಬೀಳುವಂಥವು, ತಲೆ ಕೆಳಗೆ ಮಾಡಿ ಓಡಿಸುವಂಥವು. ಅವಕ್ಕೆಲ್ಲ ಒಂದು ಷರತ್ತು: ಎತ್ತರ ನೂರಾ ನಲವತ್ತು ಸೆಂಟಿಮೀಟರ್ ಇರಲೇಬೇಕು.

ಅಳತೆ ಪುಸ್ತಕ ತೆಗೆದೆ. ಅಕ್ಷತಾ, ಎತ್ತರ ಐವತ್ನಾಲ್ಕು ಇಂಚು. ಎಂದರೆ ನೂರಾ ಮೂವತ್ತೇಳು ಸೆಂಟಿಮೀಟರ್. ಮೂರು ಕಡಿಮೆ. ಎಂಟೂ ಆಟಗಳ ಮೇಲೆ ಕಾಟು ಹೊಡೆದೆ.

ಮಗಳು ಹತ್ತು ಹೆಜ್ಜೆ ದೂರದಲ್ಲೇ ಕುಳಿತು ಗುಂಡಿ ಹಚ್ಚುತ್ತಿದ್ದಳು. ಎದ್ದು ನಿಲ್ಲು ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ. ಟೇಲರುಗಳ ಕೆಟ್ಟ ಚಟ ಇದು. ಎದುರಿಗಿರುವ ಮನುಷ್ಯನಿಗಿಂತ ಪುಸ್ತಕವನ್ನು ಹೆಚ್ಚು ನಂಬುತ್ತೇವೆ.

ಹೊರಡುವ ಮೊದಲು ಒಬ್ಬರ ಒಪ್ಪಿಗೆ ಬೇಕಿತ್ತು. ಸುರೇಖಾಳ ಅವ್ವ, ನನ್ನ ಅತ್ತೆ. ಖಾನಾಪುರ ತಾಲ್ಲೂಕಿನ ಬೀಡಿ ಎಂಬ ಊರಿನಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಸುರೇಖಾ ಹೋಗಿ ವರ್ಷ ತುಂಬಲು ಇನ್ನೂ ಹದಿನೈದು ದಿನವಿತ್ತು. ಅಷ್ಟರೊಳಗೆ ತಂದೆ ಮಗಳು ಆಟ ಆಡಲು ಹೊರಟರೆ ನೆಂಟರು ಬಿಡುತ್ತಾರೆಯೇ? ಒಬ್ಬಿಬ್ಬರು ಫೋನಿನಲ್ಲಿ ಕೊಂಕು ತೆಗೆದೂ ಆಗಿತ್ತು.

ಅಕ್ಕುವನ್ನು ಕರೆದುಕೊಂಡು ಹೋದೆ. ಖಾನಾಪುರ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿದೆವು. ಮೊದಲಾದರೆ ಅಲ್ಲಿ ಕಬ್ಬಿನ ಹಾಲು ಕುಡಿಯದೆ ಅವಳು ಕಾಲು ಕೀಳುತ್ತಿರಲಿಲ್ಲ. ಈಗ ಅಂಗಡಿಯನ್ನು ಒಮ್ಮೆ ನೋಡಿ ಬಸ್ಸು ಹತ್ತಿದಳು. "ಬೇಕೇನ?" ಎಂದೆ. "ನಡೀತೈತಿ," ಎಂದಳು. ಬೇಕು ಎಂದೋ, ಬೇಡ ಎಂದೋ? ಅಷ್ಟರಲ್ಲಿ ಬಸ್ಸು ಹೊರಟಿತು.

ಬೀಡಿಯಲ್ಲಿ ಅತ್ತೆ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ನೀರು ಕುಡಿದು, ಖಾಕಿ ಕಾಗದ ಬಿಚ್ಚಿ, ಪ್ಲಾನು ಓದಿ ಹೇಳಿದೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. "ರೈಲಿನ್ಯಾಗ ಕುಂದರೂದು, ಬಟ್ಟಲದಾಗ ತಿರಗೂದು. ಇದಕ್ಕ ಅಷ್ಟ ದೂರ ಯಾಕ್ರಿ ಅಳಿಯಾರ? ಸಂಜೀಕ ಎತ್ತಿನ ಗಾಡಿ ಬರತೈತಿ, ಕುಂದರಸಿ ಒಂದ ಸುತ್ತ ಹಾಕಸ್ತೀನಿ ಬರ್ರಿ."

ಅಕ್ಕು ಕಡೆ ತಿರುಗಿದರು. "ನೀ ಏನಂತಿ?"

"ನಡೀತೈತಿ ಆಯಿ."

ಅತ್ತೆಯ ಕೈ ನಿಂತಿತು. "ನಡೀತೈತಿ? ಇಕಿ ಯಾರ್ರೀ? ಅಕ್ಕೂನ ಎಲ್ಲಿ ಬಿಟ್ಟ ಬಂದೀರಿ?"

ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು. ಎಳೆಯುವಾಗ ಅವಳ ಟಾಪಿನ ಕೆಳಗಿನ ಅಂಚು ಕೈಗೆ ಸಿಕ್ಕಿತು. ಅದನ್ನು ತಿರುವಿ ನೋಡಿದರು. ಮತ್ತೆ ನೋಡಿದರು.

"ಇದನ್ನ ಯಾರ ಹೊಲದ್ರು?"

ನಾನೂ ಬಗ್ಗಿ ನೋಡಿದೆ.

ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಟೇಲರುಗಳು ಎರಡು ಇಂಚು ಮಾರ್ಜಿನ್ ಒಳಗೆ ಮಡಚಿ ಬಿಡುತ್ತೇವೆ. ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಲು. ಅಕ್ಕುವಿನ ಟಾಪಿನ ಆ ಎರಡು ಇಂಚೂ ಬಿಚ್ಚಿತ್ತು. ಮಡಿಕೆಯೊಳಗೆ ಬಿಸಿಲು ಕಾಣದ ಬಟ್ಟೆ ಪಟ್ಟಿಯಂತೆ ಗಾಢವಾಗಿ ಕಾಣುತ್ತಿತ್ತು. ತುದಿಗೆ ಕೈಹೊಲಿಗೆ. ಸೊಟ್ಟ ಸೊಟ್ಟ. ಇನ್ನೂ ಕಲಿಯದ ಕೈಯದು.

"ಸಾಲಿ ಯೂನಿಫಾರ್ಮ್?" ಎಂದೆ.

"ಅದೂ ಬಿಚ್ಚೀನಿ. ದೀಪಾವಳ್ಯಾಗ."

ಊರಿನ ಮಕ್ಕಳ ಅಂಚು ನೋಡಿ, ಇದು ಇನ್ನೊಂದು ವರ್ಷ ಬರುತ್ತದೆ, ಇದು ಬರುವುದಿಲ್ಲ ಎಂದು ಹೇಳುವವನು ನಾನು. ಮನೆಯಲ್ಲಿರುವ ಒಂದೇ ಮಗುವಿನ ಅಂಚು ನೋಡಿರಲಿಲ್ಲ.

"ಯಾಕ ಹೇಳಲಿಲ್ಲ ಅಕ್ಕು? ಹೊಸಾವು ಹೊಲೀತಿದ್ನೆಲ್ಲಾ."

ಅವಳು ನೆಲ ನೋಡುತ್ತ ಹೇಳಿದಳು: "ಹೊಸಾವು ಅಂದ್ರ ಅಳತಿ ತಗೋಬೇಕಾಗ್ತಿತ್ತು. ಯಾರ ತಗೋತಿದ್ರು?"

ಸುರೇಖಾ ಹೋದ ಮೇಲೆ ಹೆಣ್ಣುಮಕ್ಕಳ ಬಟ್ಟೆಗೆ ಅಳತೆಗೆ ಒಂದು ಹಳೆಯ ಬಟ್ಟೆ ತನ್ನಿ ಎಂದು ಗಿರಾಕಿಗಳಿಗೆ ಹೇಳಿ ಪಾರಾಗುತ್ತಿದ್ದೆ. ಮಗಳು ಅದನ್ನು ದಿನವೂ ಕೇಳಿಸಿಕೊಂಡಿದ್ದಳು.

ಅತ್ತೆ ಸೆರಗಿನಲ್ಲಿದ್ದ ಶೇಂಗಾ ಸಿಪ್ಪೆ ಕೊಡವಿ ಎದ್ದರು. "ಟೇಪ್ ಐತೇನ್ರಿ?"

ಟೇಪಿಲ್ಲದ ಟೇಲರ್ ಉಂಟೇ? ಜೇಬಿನಿಂದ ತೆಗೆದುಕೊಟ್ಟೆ.

ಅತ್ತೆಗೆ ಅಕ್ಷರ ಬರುವುದಿಲ್ಲ, ಅಂಕಿಯೂ ಬರುವುದಿಲ್ಲ. ಮೊಮ್ಮಗಳನ್ನು ಗೋಡೆಗೆ ನಿಲ್ಲಿಸಿದರು. ಟೇಪಿನ ಒಂದು ತುದಿಯನ್ನು ಅವಳ ನೆತ್ತಿಗೆ ಒತ್ತಿ ಹಿಡಿದು, ಇನ್ನೊಂದನ್ನು ಹಿಮ್ಮಡಿಗೆ ಇಳಿಬಿಟ್ಟು, ನೆಲ ಮುಟ್ಟಿದ ಕಡೆ ಚಿವುಟಿ ಹಿಡಿದು ತೋರಿಸಿದರು. "ಓದು," ಎಂದರು.

ಅಕ್ಕು ಬಗ್ಗಿ ನೋಡಿದಳು. "ಮೂರು."

"ಮೂರ ಇಂಚಾ? ಇಲಿಮರಿ ಏನ ನೀ?"

"ಆಯೀ, ಟೇಪ್ ಉಲ್ಟಾ ಹಿಡದೀದಿ! ಅರವತ್ತರ ತುದಿ ಮ್ಯಾಲ ಹಿಡದೀದಿ!"

"ಉಲ್ಟಾ ಹಿಡದ್ರೂ ನೀ ಅಷ್ಟ ಇರಬೇಕಲ್ಲ? ಟೇಪ್ ತಿರಗಿದ್ರ ನೀ ಸಣ್ಣಾಕಿ ಆಗ್ತಿ ಏನ?"

ಅಕ್ಕು ನಕ್ಕಳು. ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಬಿಟ್ಟು ನಕ್ಕಳು. ಟೇಪು ಸರಿ ಮಾಡಿ ಹಿಡಿಸಿದಳು. ಅಜ್ಜಿ ಹಿಡಿದರು, ಮೊಮ್ಮಗಳು ಓದಿದಳು, ನಾನು ಖಾಕಿ ಕಾಗದದ ಮೂಲೆಯಲ್ಲಿ ಬರೆದುಕೊಂಡೆ. ಒಬ್ಬಳು ಮಾಡುತ್ತಿದ್ದ ಕೆಲಸಕ್ಕೆ ಮೂವರು.

ಐವತ್ತೇಳು.

ಲೆಕ್ಕ ಹಾಕಿದೆ. ನೂರಾ ನಲವತ್ತೈದು ಸೆಂಟಿಮೀಟರ್ ಹತ್ತಿರ ಹತ್ತಿರ.

ಅಕ್ಕುವಿನ ಕಣ್ಣು ಕಾಗದದ ಮೇಲೆ ಬಿತ್ತು. ಕಾಟು ಹೊಡೆದ ಎಂಟು ಹೆಸರುಗಳ ಮೇಲೆ.

"ಪಪ್ಪಾ, ಇವನ್ಯಾಕ ಕಾಟ್ ಹೊಡದೀದಿ?"

"ಅದು... ಪುಸ್ತಕದಾಗ ಐವತ್ನಾಕ ಇತ್ತು..."

"ಅದು ಹ್ವಾದ ವರ್ಷದ್ದು! ಇದೇನಿದು? ರೈಲು? ಬಟ್ಟಲು? ನಾ ಏನ ಬಾಲವಾಡಿ ಹುಡುಗೀನ? ನಮ್ಮ ಕ್ಲಾಸಿನವರು ಕೇಳಿದ್ರ ಬಟ್ಟಲದಾಗ ಕುಂತಿದ್ದೆ ಅಂತ ಹೇಳ್ಲ್ಯಾ? ಇದಕ್ಕಾದ್ರ ನಾ ಬರಂಗಿಲ್ಲ. ನೀನ ಹೋಗಿ ಕುಂದ್ರು ಬಟ್ಟಲದಾಗ!"

ಬರಂಗಿಲ್ಲ. ಹನ್ನೊಂದು ತಿಂಗಳಾದ ಮೇಲೆ ಮೊದಲ ಸಲ ಆ ಮಾತು ಕೇಳಿದೆ. ಬೈಸಿಕೊಂಡು ಇಷ್ಟು ಹಗುರಾದ ಗಂಡಸು ಖಾನಾಪುರ ತಾಲ್ಲೂಕಿನಲ್ಲಿ ಆ ದಿನ ಬೇರೊಬ್ಬನಿರಲಿಕ್ಕಿಲ್ಲ.

"ಹಾಂ," ಎಂದರು ಅತ್ತೆ, ಮತ್ತೆ ಶೇಂಗಾದ ಮುಂದೆ ಕುಳಿತು. "ಬಂದ್ಲು ನೋಡ್ರಿ ನಮ್ಮ ಅಕ್ಕು."

ವರ್ಷದ ವಿಷಯ ನಾನೇ ಎತ್ತಿದೆ. "ಮಂದಿ ಏನಾರ ಅಂದಾರು ಅಂತ..."

"ನಮ್ಮೊಳಗ ಸೂತಕ ಇಲ್ಲ ಅಂತ ಬಸವಣ್ಣನವರು ಎಂದೋ ಹೇಳಿ ಹೋಗ್ಯಾರ. ಸೂತಕ ಇರೂದು ಮಂದಿ ಬಾಯಾಗ." ಒಂದು ಶೇಂಗಾ ಒಡೆದರು. "ನಾನೂ ಬರ್ತೀನಿ. ಸತ್ತಾಕಿ ಅವ್ವನ ಹೋಗ್ಯಾಳ ಅಂದ್ರ ಯಾರ ಏನ ಅಂತಾರ?"

ಅವತ್ತು ಖಾಕಿ ಕಾಗದದ ಹಿಂಬದಿಯಲ್ಲಿ ಹೊಸ ಪ್ಲಾನು ಶುರುವಾಯಿತು. ಅಕ್ಕು ನನ್ನನ್ನು ಹತ್ತಿರ ಸೇರಿಸಲಿಲ್ಲ. ಮೂರು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿ, ಗೆಳತಿಯರಿಗೆ ಫೋನು ಮಾಡಿ ತಯಾರಿಸಿದಳು. ನಿಜ ಹೇಳುತ್ತೇನೆ, ನನ್ನದಕ್ಕಿಂತ ಚೆನ್ನಾಗಿತ್ತು. ಗೇಟು ತೆರೆದ ಕೂಡಲೇ ಎಲ್ಲರೂ ಹತ್ತಿರದ ಆಟಕ್ಕೆ ಮುಗಿಬೀಳುತ್ತಾರಂತೆ, ಅದಕ್ಕೇ ಓಡಿ ತೀರಾ ಹಿಂದಿನ ದೊಡ್ಡ ಆಟಕ್ಕೆ ಹೋಗಬೇಕು. ಹನ್ನೊಂದೂವರೆಗೆ ಊಟ, ಉಳಿದವರು ಊಟಕ್ಕೆ ಹೋದಾಗ ನಾವು ಆಟಕ್ಕೆ. ನೀರು ಕೊನೆಗೆ. (ತಾಯಂದಿರ ಸಲಹೆಯನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ.) ಕೆಳಗೆ ಕೆಂಪು ಪೆನ್ನಿನಲ್ಲಿ: ಪಪ್ಪಾ, ಒಂದು ಆಟ, ಕಂಪಲ್ಸರಿ.

ಹೋದೆವು. ಹಿಂದಿನ ಸಂಜೆಯೇ ಬಂದಿದ್ದ ಅತ್ತೆಯೂ ಸೇರಿ ಮೂವರು ಬೆಳಗಿನ ಐದಕ್ಕೆ ಖಾಸಬಾಗ ಬಿಟ್ಟೆವು.

ದೊಡ್ಡ ಆಟದ ಬಾಗಿಲಲ್ಲಿ ಗೆರೆ ಎಳೆದ ಒಂದು ಕಂಬವಿತ್ತು. ಅಕ್ಕು ಹೋಗಿ ನಿಂತಳು. ನೆತ್ತಿ ಗೆರೆಯನ್ನು ದಾಟಿತ್ತು. ನಾನು ಹತ್ತು ಹೆಜ್ಜೆ ಹಿಂದಿದ್ದೆ, ಸಲಹೆಯ ಪ್ರಕಾರ. ಅವಳು ಆ ಗದ್ದಲದಲ್ಲಿ ತಿರುಗಿ ನಿಂತು ಕೂಗಿದಳು: "ಪಪ್ಪಾ, ನೋಡ್ದಿ?"

ನೋಡಿದೆ.

ನನ್ನ ಕಂಪಲ್ಸರಿ ಆಟದ ವಿವರ ಬೇಡ. ಮೇಲೆ ಹೋಗುವಾಗ ಕಣ್ಣು ಮುಚ್ಚಿದ್ದೆ, ಕೆಳಗೆ ಬರುವಾಗ ಕೂಗಿದೆ ಎಂದರೆ ಸಾಕು. ನಾನು ಕೂಗಿದ ವಿಡಿಯೋ ಈಗ ಟಿಳಕವಾಡಿಯ ಅರ್ಧ ಗಿರಾಕಿಗಳ ಮೊಬೈಲಿನಲ್ಲಿದೆ.

ಇನ್ನು ನನ್ನ ಹಳೆಯ ಪ್ಲಾನು. ಅದು ವ್ಯರ್ಥವಾಯಿತು ಎಂದುಕೊಂಡಿರಾ? ಅತ್ತೆಗೆ ಅಳತೆ ತೆಗೆದು ಹೊಲಿದಂತೆ ಕೂತಿತು. ಹತ್ತಕ್ಕೆ ರೈಲು, ಹತ್ತೂಮುಕ್ಕಾಲಿಗೆ ಬಟ್ಟಲು, ಆಮೇಲೆ ದೋಣಿ. ರೈಲಿನಲ್ಲಿ ನಾಲ್ಕು ಸಲ ಕುಳಿತರು. ನಾಲ್ಕನೆಯ ಸಲ ಪಕ್ಕದ ಮರಾಠಿ ಹೆಣ್ಣುಮಗಳಿಗೆ ಅವರದೇ ಭಾಷೆಯಲ್ಲಿ ವಿವರಿಸುತ್ತಿದ್ದರು. ಇದು ನಮ್ಮ ಅಳಿಯಂದಿರು ಕಾಗದದ ಮೇಲೆ ಬರೆದು ಹಾಕಿಕೊಟ್ಟ ಪ್ಲಾನು ಎಂದು.

ಅವರ ರೈಲು ಸುತ್ತುತ್ತಿದ್ದಾಗ ಕಟ್ಟೆಯ ಮೇಲೆ ಕುಳಿತು ಯೋಚಿಸಿದೆ. ಮಕ್ಕಳಿಗಾಗಿ ಏನಾದರೂ ಮಾಡಹೊರಟಾಗ ನಮ್ಮ ಕಣ್ಣ ಮುಂದಿರುವುದು ಯಾವ ಮಗು? ಹೋದ ವರ್ಷದ್ದು. ಹೋದ ವರ್ಷ ಇಷ್ಟಪಟ್ಟ ತಿಂಡಿ, ಹೋದ ವರ್ಷ ಹೆದರಿದ ಕತ್ತಲೆ, ಹೋದ ವರ್ಷದ ಎತ್ತರ. ಬಟ್ಟೆಗೆ ಮಾರ್ಜಿನ್ ಬಿಡುವ ಜಾಣತನ ನಮಗಿದೆ. ತಲೆಯೊಳಗಿನ ಲೆಕ್ಕಕ್ಕೆ ಬಿಡುತ್ತೇವೆಯೇ? ನನ್ನದಂತೂ ಇನ್ನೂ ಒಂದು ಸಂಗತಿ. ಆ ಐವತ್ನಾಲ್ಕು ಸುರೇಖಾ ಕೂಗಿದ ಅಂಕಿ. ಅದು ಬದಲಾಗುವುದು ನನಗೆ ಬೇಕಿರಲಿಲ್ಲವೋ ಏನೋ.

ಸಂಜೆ ಜಗಳವಾಯಿತು.

"ಇನ್ನೊಂದ ಸಲ, ಪಪ್ಪಾ."

"ಬಸ್ಸಿನ ಟೈಮ್ ಆತು."

"ಒಂದ ಸಲ. ಕಡೀ ಸಲ."

"ಅಕ್ಕು, ನಾಳಿಗಿ ಎಪ್ಪತ್ತ ಯೂನಿಫಾರ್ಮ್ ಕೊಡೂದೈತಿ."

"ನೀ ಯಾವಾಗ್ಲೂ ಹಿಂಗ! ಯಾವಾಗ್ಲೂ ನಿನ್ನ ಅಂಗಡಿ!"

ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಆಯಿಯ ಪಕ್ಕ ಕುಳಿತು ಕಿಟಕಿ ಕಡೆ ಮುಖ ತಿರುಗಿಸಿದವಳು ಬೆಳಗಾವಿ ಬಂದರೂ ಈ ಕಡೆ ನೋಡಲಿಲ್ಲ. ಮನೆಗೆ ಬಂದು ನಾಲ್ಕು ದಿನವಾಯಿತು. ಅತ್ತೆ ಮರುದಿನವೇ ಬೀಡಿಗೆ ಮರಳಿದರು. ನನ್ನ ಜೊತೆ ಮಾತಿಲ್ಲ. ನಿನ್ನೆ ನಾನು ಮಾಡಿದ ಉಪ್ಪಿಟ್ಟಿನ ತಟ್ಟೆಯನ್ನು ಟೇಬಲ್ಲಿನ ಆಚೆ ತುದಿಗೆ ತಳ್ಳಿ, ಬಾಗಿಲು ಧಡ್ ಎಂದು ಹಾಕಿಕೊಂಡಳು. ಆಯಿ ಹಿಡಿದ ಅಳತೆಗೆ ನಾನು ಹೊಲಿದ ಹೊಸ ಯೂನಿಫಾರ್ಮ್ ಮಾತ್ರ ಹಾಕಿ ನೋಡಿದ್ದಾಳೆ. ತೋಳು ಬಿಗಿ ಎಂದು ಚೀಟಿ ಬರೆದು ಮಷೀನಿನ ಮೇಲೆ ಇಟ್ಟಿದ್ದಾಳೆ.

ಬಾಗಿಲ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದರು. "ಏನಾತ್ರಿ? ಹುಡುಗಿ ಭಾಳ ಶಾಣ್ಯಾ ಇತ್ತಲ್ಲ?"

"ಈಗ ಆರಾಮ ಆಗ್ಯಾಳ್ರಿ," ಎಂದೆ.

ಒಂದೇ ತೊಂದರೆ. ತಾಯಿ ಮಗಳ ಜಗಳ ಎಷ್ಟೇ ಜೋರಾಗಿರಲಿ, ಎರಡು ತಾಸಿನಲ್ಲಿ ಅಡುಗೆಮನೆಯಿಂದ ಇಬ್ಬರ ನಗು ಕೇಳುತ್ತಿತ್ತು. ಸುರೇಖಾ ಏನು ಹೇಳುತ್ತಿದ್ದಳು, ಹೇಗೆ ಕರೆಯುತ್ತಿದ್ದಳು, ನಾನು ಒಮ್ಮೆಯೂ ಕೇಳಲಿಲ್ಲ. ಅಷ್ಟು ವರ್ಷ ನನಗೆ ಅದು ಬೇಕಾಗಿರಲಿಲ್ಲ. ನಾಲ್ಕು ದಿನದಿಂದ ಮುಚ್ಚಿದ ಬಾಗಿಲ ಮುಂದೆ ನಿಂತು ಒಂದೊಂದೇ ಮಾತು ಪ್ರಯತ್ನಿಸುತ್ತಿದ್ದೇನೆ.

ಮಗಳ ಸಿಟ್ಟು ಮನೆಗೆ ವಾಪಸ್ ಬಂದಿದೆ. ಅದನ್ನು ಇಳಿಸುತ್ತಿದ್ದವಳು ಇಲ್ಲ.